ಲಕ್ಷ್ಮೇಶ್ವರ ‘ಪರದೇಶ’ವಾಗಿದ್ದಾಗ

ಗದುಗಿನಲ್ಲಿ ಬಸ್ಸು ಹತ್ತಿದರೆ ಶಿರಹಟ್ಟಿಯ ಮೇಲೆ ಹಾದು ಲಕ್ಷ್ಮೇಶ್ವರ ಸೇರಲು ಈಗ ಎರಡು ತಾಸೂ ಬೇಡ. ಎಲ್ಲವೂ ಒಂದೇ ಜಿಲ್ಲೆ. ಆದರೆ 1948ರ ಮಾರ್ಚ್‌ವರೆಗೆ ಇದೇ ದಾರಿಯಲ್ಲಿ ಹೊರಟವರು ಮೂರು ಸರಕಾರಗಳ ನೆಲ ತುಳಿಯಬೇಕಿತ್ತು. ಗದಗ-ಬೆಟಗೇರಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲೂಕು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿ ಬ್ರಿಟಿಷ್ ಸೀಮೆಯೇ ಆದರೂ ಅಲ್ಲಿಂದ ಕೊಪ್ಪಳದ ದಾರಿ ಹಿಡಿದರೆ ನಿಜಾಮರ ರಾಜ್ಯ. ಅಲ್ಲಿ ರೂಪಾಯಿಯೂ ಬೇರೆ, ಹಾಲಿ ಸಿಕ್ಕಾ.

ಗಡಿಗಳಿದ್ದವೆಂದು ಸಂತೆ ನಿಲ್ಲುವುದುಂಟೆ? ಅರಳೆ, ಸೀರೆ, ಕಾಳುಕಡಿ ಎಲ್ಲವೂ ಆಚೀಚೆ ಓಡಾಡುತ್ತಿದ್ದವು. ಇಂದು ಊರಲ್ಲೇ ಕುಳಿತು ವಿದೇಶಿ ಕಂಪನಿಗಳಿಗೆ ಸ್ವತಂತ್ರವಾಗಿ ಕೆಲಸ ಮಾಡಿಕೊಡುವ ತರುಣರು ಕೇಳುವ ಪ್ರಶ್ನೆ, ಅಂದರೆ ಹೊರಗಿನ ಗಳಿಕೆಗೆ ತೆರಿಗೆ ಯಾರಿಗೆ ಕೊಡಬೇಕು ಎಂಬುದು, ಆಗ ಚಕ್ಕಡಿ ಹೋಗುವಷ್ಟು ದೂರದಲ್ಲೇ ಹುಟ್ಟುತ್ತಿತ್ತು.

ಆದಾಯ ತೆರಿಗೆ ನಮ್ಮಲ್ಲಿಗೆ ಬಂದದ್ದು 1860ರಲ್ಲಿ. 1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ ಅದನ್ನು ಹೇರಿದ. ವರ್ಷಕ್ಕೆ 200 ರೂ. ಗಳಿಸುವವರೂ ಅದರ ಬಲೆಗೆ ಬಿದ್ದರು. ಐದು ವರ್ಷಕ್ಕೆ ಅದು ಮುಗಿದು, 1886ರಲ್ಲಿ ಕಾಯಂ ಕಾಯ್ದೆಯಾಗಿ ಮರಳಿತು. ಅದರಲ್ಲಿ 500 ರೂ.ಗಿಂತ ಕಡಿಮೆ ಆದಾಯಕ್ಕೂ ಕೃಷಿ ಆದಾಯಕ್ಕೂ ವಿನಾಯಿತಿ ಇತ್ತು.

ನಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದ್ದು 1922ರ ಕಾಯ್ದೆ. ಈ ಕಾಯ್ದೆಯ ಕಣ್ಣಿಗೆ ಸಂಸ್ಥಾನಗಳು ‘ಬ್ರಿಟಿಷ್ ಇಂಡಿಯಾ’ದ ಹೊರಗಿನವು. ಗದುಗಿನ ನಿವಾಸಿಯೊಬ್ಬ ಲಕ್ಷ್ಮೇಶ್ವರದಲ್ಲಿ ದಲಾಲಿ ಅಂಗಡಿ ಇಟ್ಟು ಅಲ್ಲಿಯೇ ಲಾಭ ಗಳಿಸಿದನೆಂದುಕೊಳ್ಳಿ. ಆ ಹಣ ಅಲ್ಲೇ ಉಳಿದರೆ ತೆರಿಗೆಯಿಲ್ಲ. ಮೂರು ವರ್ಷದೊಳಗೆ ಗದುಗಿಗೆ ತಂದನೋ, ತೆರಿಗೆ ಬಿತ್ತು. ಗಳಿಕೆಯ ಪಾಪಕ್ಕಿಂತ ಅದನ್ನು ಮನೆಗೆ ತಂದ ಪಾಪವೇ ದೊಡ್ಡದು!

1939ರ ತಿದ್ದುಪಡಿ ಲೆಕ್ಕವನ್ನೇ ತಿರುವುಮುರುವು ಮಾಡಿತು. ಹಣ ಎಲ್ಲಿದೆ ಎನ್ನುವುದರ ಜೊತೆಗೆ ಮನುಷ್ಯ ಎಲ್ಲಿದ್ದಾನೆ ಎಂಬುದೂ ಮುಖ್ಯವಾಯಿತು. ವರ್ಷದಲ್ಲಿ 182 ದಿನ ಬ್ರಿಟಿಷ್ ಸೀಮೆಯಲ್ಲಿದ್ದವನು ‘ನಿವಾಸಿ’ (ಬೇರೆ ಒರೆಗಲ್ಲುಗಳೂ ಇದ್ದವು). ನಿವಾಸಿಯಾದವನ ಹೊರಗಿನ ಗಳಿಕೆಯೂ ತೆರಿಗೆಗೆ ಒಳಪಟ್ಟಿತು. ಒಳಗೆ ತರದೆ ಬಿಟ್ಟದ್ದರಲ್ಲಿ 4,500 ರೂ.ಗಳಷ್ಟಕ್ಕೆ ಮಾತ್ರ ರಿಯಾಯಿತಿ. ಗಡಿಯೂರಿನವರಿಗೆ ಇದು ಎಷ್ಟು ತೊಡಕಾಗಿದ್ದಿರಬೇಕು! 1941ರಲ್ಲಿ ಮತ್ತೊಂದು ತಿದ್ದುಪಡಿ ಬಂದು, ದೇಶೀ ಸಂಸ್ಥಾನಗಳಲ್ಲಿ ಹುಟ್ಟಿದ ಆದಾಯಕ್ಕೆ ಅದನ್ನು ಒಳಗೆ ತಂದಾಗಲೇ ತೆರಿಗೆ ಎಂದಾಯಿತು.

1948ರ ಮಾರ್ಚ್ 8ರಂದು ಸಾಂಗಲಿ, ಮಿರಜಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಭೂಪಟದ ಗೆರೆ ಒಂದೇ ದಿನಕ್ಕೆ ಅಳಿಸಿತು, ತೆರಿಗೆಯ ಗೆರೆ ಮಾತ್ರ ಅಳಿಯಲಿಲ್ಲ. ವಿಲೀನಗೊಂಡ ಸಂಸ್ಥಾನಗಳಿಗೆ ಭಾರತದ ಆದಾಯ ತೆರಿಗೆ ಕಾನೂನು ಅನ್ವಯವಾದದ್ದು 1949ರ ಏಪ್ರಿಲ್ 1ರಿಂದ. ಅಲ್ಲಿನವರಿಗೆ ಹೊರೆ ಒಮ್ಮೆಲೇ ಬೀಳದಿರಲೆಂದು ಪ್ರತ್ಯೇಕ ರಿಯಾಯಿತಿ ಆದೇಶವನ್ನೂ ಹೊರಡಿಸಲಾಯಿತು. ಹೈದರಾಬಾದ್ ಭಾಗಕ್ಕೆ, ಅಂದರೆ ಕೊಪ್ಪಳಕ್ಕೂ, ಕಾನೂನು ತಲುಪಿದ್ದು 1950ರ ಏಪ್ರಿಲ್‌ನಲ್ಲಿ. ಒಂದು ವರ್ಷದ ಮಟ್ಟಿಗೆ ಮುಂಡರಗಿಯಲ್ಲೂ ಶಿರಹಟ್ಟಿಯಲ್ಲೂ ಒಂದೇ ಕಾಯ್ದೆ, ಪಕ್ಕದ ಕೊಪ್ಪಳದಲ್ಲಿ ಇನ್ನೊಂದು.

ಗಡಿ ಈಗ ದೂರ ಸರಿದಿದೆ, ಆದರೆ 182 ದಿನದ ಲೆಕ್ಕ ಸರಿದಿಲ್ಲ. ವರ್ಷವಿಡೀ ಗದುಗಿನಲ್ಲಿದ್ದುಕೊಂಡು ಲಂಡನ್ನಿನ ಕಂಪನಿಗೆ ಕೆಲಸ ಮಾಡಿಕೊಟ್ಟವರ ಆದಾಯಕ್ಕೆ, ಹಣ ಯಾವ ದೇಶದ ಬ್ಯಾಂಕಿನಲ್ಲೇ ಇರಲಿ, ಇಲ್ಲಿ ಲೆಕ್ಕ ಕೊಡಬೇಕು. ಆ ದೇಶದಲ್ಲೂ ತೆರಿಗೆ ಮುರಿದುಕೊಂಡಿದ್ದರೆ, ಎರಡು ದೇಶಗಳ ಒಪ್ಪಂದದಂತೆ ಅದನ್ನು ಇಲ್ಲಿನ ತೆರಿಗೆಯಲ್ಲಿ ವಜಾ ಕೇಳಬಹುದು. ಕಟ್ಟಿದ್ದಕ್ಕೆ ಅಲ್ಲಿನ ದಾಖಲೆ ಮಾತ್ರ ಕೈಯಲ್ಲಿರಬೇಕು.