ಕಲರ್ ರೆಸಿಸ್ಟ್

ಎಲ್‌ಸಿಡಿ ಪರದೆಯ ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ಗಾಜಿನ ಮೇಲೆ ಮೂಡಿಸಲು ಬಳಸುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಪಾಲಿಮರ್ ದ್ರಾವಣ. ಪರದೆಯೊಳಗಿನ ದ್ರವ ಸ್ಫಟಿಕಕ್ಕೆ ಸ್ವಂತ ಬಣ್ಣವಿಲ್ಲ. ಹಿಂದಿನ ಬಿಳಿ ಬೆಳಕನ್ನು ಎಷ್ಟು ಬಿಡಬೇಕೆಂದು ನಿಯಂತ್ರಿಸುವುದಷ್ಟೇ ಅದರ ಕೆಲಸ. ಬಣ್ಣ ಕೊಡುವುದು ಒಂದೆರಡು ಮೈಕ್ರಾನ್ ದಪ್ಪದ ಈ ಪದರ. ಟಿವಿಯ ಬಿಳಿ ಭಾಗಕ್ಕೆ ಭೂತಗನ್ನಡಿ ಹಿಡಿದರೆ ಮೂರು ಬಣ್ಣಗಳೂ ಅವುಗಳ ನಡುವಿನ ಕಪ್ಪು ಗೆರೆಗಳೂ ಕಾಣುತ್ತವೆ.

ಈ ರೆಸಿಸ್ಟಿನ ಹತ್ತಿರದ ನಂಟನನ್ನು ಹೈದರಾಬಾದಿನ ಮೆಹದಿಪಟ್ಟಣಂನಂಥ ಪೇಟೆಗಳ ಮೊಬೈಲ್ ಅಂಗಡಿಯಲ್ಲೇ ನೋಡಬಹುದು. ಅಂಚು ಬಾಗಿದ ಫೋನಿಗೆ ಗಾಜು ಕೂರಿಸುವಾಗ ಯುವಿ ಗಮ್ ಸುರಿದು ನೇರಳೆ ದೀಪ ಹಿಡಿಯುತ್ತಾರೆ. ಹರಿಯುತ್ತಿದ್ದ ಗಮ್ ನೋಡನೋಡುತ್ತ ಬಿಗಿಯುತ್ತದೆ. ಕಲರ್ ರೆಸಿಸ್ಟಿನದೂ ಅದೇ ಅಕ್ರಿಲೇಟ್ ಕುಲ.

ರೆಸಿಸ್ಟಿನಲ್ಲಿ ನುಣ್ಣಗೆ ಅರೆದ ವರ್ಣದ್ರವ್ಯ, ಕ್ಷಾರದಲ್ಲಿ ಕರಗುವ ಅಕ್ರಿಲಿಕ್ ಪಾಲಿಮರ್, ಐದಾರು ಅಕ್ರಿಲೇಟ್ ಕೈಗಳಿರುವ ಮಾನೋಮರ್, ಬೆಳಕಿಗೆ ಒಡೆಯುವ ಪ್ರಚೋದಕ ಮತ್ತು ದ್ರಾವಕ ಇರುತ್ತವೆ. ನೀಲಿಗೆ ತಾಮ್ರದ ಥ್ಯಾಲೊಸಯನಿನ್, ಕೆಂಪಿಗೆ ಕಾರಿನ ಪೇಂಟಿನಲ್ಲೂ ಇರುವ ಪಿಗ್ಮೆಂಟ್ ರೆಡ್ 254. ಕಣಗಳು ದಪ್ಪವಾದರೆ ಬೆಳಕು ಚದುರಿ, ಪರದೆಯ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ.

ಮೊದಲು ಗಾಜಿನ ಮೇಲೆ ಕಪ್ಪು ಜಾಲರಿ. ಆಮೇಲೆ ಒಂದು ಬಣ್ಣವನ್ನು ಹರಡಿ, ಒಣಗಿಸಿ, ಬೇಕಾದಲ್ಲಷ್ಟೇ ಬೆಳಕು ಬಿಡುವ ಮಾಸ್ಕ್ ಹಿಡಿದು ಅತಿನೇರಳೆ ಬೆಳಕು ಹಾಯಿಸುತ್ತಾರೆ. ಬೆಳಕು ತಾಗಿದಲ್ಲಿ ಮಾನೋಮರ್‌ಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಉಳಿದದ್ದು ತೆಳು ಕ್ಷಾರದಲ್ಲಿ ತೊಳೆದುಹೋಗುತ್ತದೆ. ಕೊನೆಗೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಉಳಿದೆರಡು ಬಣ್ಣಗಳಿಗೂ ಇದೇ ಸುತ್ತು.

ನಿಜವಾದ ಕಷ್ಟ ಇರುವುದು ಬೆಳಕು ಹಾಯಿಸುವ ಹಂತದಲ್ಲಿ. ಪದರವನ್ನು ಗಟ್ಟಿಮಾಡಬೇಕಾದ ಬೆಳಕನ್ನು ವರ್ಣದ್ರವ್ಯವೇ ನುಂಗಿಬಿಡುತ್ತದೆ. ಮೇಲ್ಭಾಗ ಬಿಗಿದು ಬುಡ ಹಸಿಯಾಗಿಯೇ ಉಳಿದರೆ, ತೊಳೆಯುವಾಗ ಕ್ಷಾರ ಅಂಚಿನಡಿ ನುಗ್ಗಿ ಬುಡವನ್ನು ಕೊರೆಯುತ್ತದೆ. ಸಣ್ಣ ಗೆರೆಗಳು ಕಿತ್ತುಬರುತ್ತವೆ. ಬಣ್ಣ ಗಾಢವಾಗಲೆಂದು ವರ್ಣದ್ರವ್ಯ ಹೆಚ್ಚಿಸಿದಷ್ಟೂ ಹಿಡಿದಿಡುವ ಪಾಲಿಮರ್‌ನ ಪಾಲು ಕುಗ್ಗುತ್ತದೆ. ಇನ್ನೊಂದು ಕಡೆ ಗಾಳಿಯ ಆಮ್ಲಜನಕ ಮೇಲ್ಮೈಯ ಕ್ರಿಯೆಯನ್ನು ತಡೆಯುತ್ತದೆ. ಕಡಿಮೆ ಬೆಳಕಿಗೂ ಚುರುಕಾಗಿ ಒಡೆಯುವ ಆಕ್ಸೈಮ್ ಎಸ್ಟರ್ ಪ್ರಚೋದಕಗಳಿಗೆ ಈ ಉದ್ಯಮದಲ್ಲಿ ಇಷ್ಟು ಬೆಲೆ ಬಂದದ್ದು ಇದರಿಂದಲೇ.

ಹೀಗೆಯೇ ಬೆಳಕಿನಲ್ಲಿ ಗಟ್ಟಿಮಾಡುವ, ಪರದೆಯ ಇನ್ನೊಂದು ಪದರದ ಮೂಲ ಬೆಂಗಳೂರಿನಲ್ಲಿದೆ; ಕನ್ನಡಿಗರು ಇದನ್ನು ಇನ್ನಷ್ಟು ತಿಳಿದಿರಬೇಕಿತ್ತು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡುಹಿಡಿದರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಅಂಥ ಅಣುಗಳ ಅಂಚಿಗೆ ಅಕ್ರಿಲೇಟ್ ಜೋಡಿಸಿ, ಅವು ಓರೆಯಾಗಿ ನಿಂತ ಭಂಗಿಯನ್ನೇ ಅತಿನೇರಳೆ ಬೆಳಕಿನಲ್ಲಿ ಗಟ್ಟಿಮಾಡಿ ಫಿಲ್ಮ್ ತಯಾರಿಸಿತು. ಮಾನಿಟರನ್ನು ಪಕ್ಕದಿಂದ ನೋಡಿದಾಗ ಚಿತ್ರ ಕೆಡುವುದನ್ನು ಅದು ಬಹುಮಟ್ಟಿಗೆ ತಗ್ಗಿಸಿತು.