ಹಳೇ ಸೀರೆ ಕೊಟ್ಟರೆ ಸಾಲದು: ಹೊಡೆತ ತಾಳದೆ ಮನೆ ಬಿಟ್ಟ ಹೆಣ್ಣುಮಕ್ಕಳ ಆಶ್ರಯ ಕೇಂದ್ರಕ್ಕೆ ಏನು ಬೇಕು? ಹೇಗೆ ಹೋಗಬೇಕು?

ನಂಜನಗೂಡು/ತಿ.ನರಸೀಪುರ: ಹುಟ್ಟುಹಬ್ಬಕ್ಕೋ ತಿಥಿಗೋ ಆಶ್ರಯ ಕೇಂದ್ರಕ್ಕೆ ಊಟ ಕೊಡಿಸೋದು, ಹಳೇ ಸೀರೆ ಕೊಡೋದು, ಒಂದು ಗ್ರೂಪ್ ಫೋಟೊ ತೆಗೆದು ಸ್ಟೇಟಸ್ ಹಾಕೋದು ನಮ್ಮ ಎರಡೂ ತಾಲ್ಲೂಕಿನಲ್ಲಿ ಮಾಮೂಲು. ಅನಾಥಾಶ್ರಮ, ವೃದ್ಧಾಶ್ರಮದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಆದರೆ ಗಂಡನ ಮನೆಯ ಹಿಂಸೆ ತಾಳದೆ ಬಂದ ಹೆಣ್ಣುಮಕ್ಕಳು ಇರುವ ಕಡೆ ಇದೇ ಫೋಟೊ ಒಬ್ಬಳ ಜೀವಕ್ಕೆ ಕುತ್ತು ತರಬಹುದು. ಯಾಕೆಂದರೆ ಅವಳು ಎಲ್ಲಿದ್ದಾಳೆ ಅಂತ ಹುಡುಕುತ್ತಿರುವವನು ಅದೇ ವಾಟ್ಸಾಪ್ ಗ್ರೂಪಿನಲ್ಲಿ ಇರಬಹುದು.

ಇದು ಎಲ್ಲೋ ದೂರದ ವಿಚಾರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಇಡೀ ದೇಶದಲ್ಲಿ ನೋಡಿದರೆ, ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಶೇ 14 ಮಾತ್ರ. ಉಳಿದವರು ಬಾಯಿ ಬಿಟ್ಟಿಲ್ಲ ಅಥವಾ ಯಾರಿಗೋ ಹೇಳಿ ಸುಮ್ಮನಾಗಿದ್ದಾರೆ.

ಆಶ್ರಯ ಎಲ್ಲಿ ಸಿಗುತ್ತೆ?

ಎರಡೂ ತಾಲ್ಲೂಕಿನವರಿಗೆ ಹತ್ತಿರದ ದಾರಿ ಮೈಸೂರು. ಅಲ್ಲಿಗೆ ನಂಜನಗೂಡಿನಿಂದ ಸುಮಾರು 25 ಕಿ.ಮೀ., ತಿ.ನರಸೀಪುರದಿಂದ ಸುಮಾರು 30 ಕಿ.ಮೀ.

ಮೊದಲನೆಯದು ಸರ್ಕಾರದ ‘ಸಖಿ’ ಒನ್ ಸ್ಟಾಪ್ ಸೆಂಟರ್. 2015ರಲ್ಲಿ ದೇಶದಾದ್ಯಂತ ಶುರುವಾದ ಯೋಜನೆ ಇದು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತ ಸಮಾಲೋಚನೆ, ತಾತ್ಕಾಲಿಕ ವಸತಿ ಎಲ್ಲಾ ಒಂದೇ ಕಡೆ ಸಿಗಬೇಕು ಅನ್ನೋದು ಉದ್ದೇಶ. ಇಲ್ಲಿ ಉಳಿಯೋದು ಕೆಲವೇ ದಿನ. ಹೆಚ್ಚು ದಿನ ಬೇಕಾದರೆ ‘ಶಕ್ತಿ ಸದನ’ಕ್ಕೆ ಕಳಿಸುತ್ತಾರೆ. ಮೊದಲು ‘ಸ್ವಾಧಾರ ಗೃಹ’ ಅಂತ ಕರೀತಿದ್ದದ್ದೇ 2022ರ ಮಿಷನ್ ಶಕ್ತಿ ಮಾರ್ಗಸೂಚಿ ಬಂದಮೇಲೆ ಶಕ್ತಿ ಸದನದೊಳಗೆ ಸೇರಿದೆ.

ಸರ್ಕಾರದ್ದಲ್ಲದೆ ಸಂಸ್ಥೆಗಳೂ ಇವೆ. ಡಾ.ರಾಜ್‌ಕುಮಾರ್ ಕುಟುಂಬ 1990ರ ದಶಕದ ಕೊನೆಯಲ್ಲಿ ಕಟ್ಟಿದ ‘ಶಕ್ತಿಧಾಮ’ ಮೈಸೂರಿನಲ್ಲೇ ಇದೆ. ನೊಂದ ಹೆಣ್ಣುಮಕ್ಕಳ ಪುನರ್ವಸತಿಗೆ ಶುರುವಾದ ಇದನ್ನು ಪಾರ್ವತಮ್ಮ ರಾಜ್‌ಕುಮಾರ್ 2017ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಈಗ ಹೆಣ್ಣುಮಕ್ಕಳ ಓದಿಗೂ ಅಲ್ಲಿ ಆಸರೆ ಇದೆ. ಮೈಸೂರಿನ ‘ಒಡನಾಡಿ’ ಸೇವಾ ಸಂಸ್ಥೆ ಮುಖ್ಯವಾಗಿ ಮಾನವ ಸಾಗಣೆಗೆ ಸಿಕ್ಕಿದ ಹೆಣ್ಣುಮಕ್ಕಳು, ಮಕ್ಕಳ ರಕ್ಷಣೆ ಮಾಡುತ್ತದೆ.

ಯಾವುದಕ್ಕೆ ಹೋಗಬೇಕು ಅಂತ ತಲೆ ಕೆಡಿಸಿಕೊಳ್ಳೋದು ಬೇಡ. 181ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಕಾನೂನಿನ ಪ್ರಕಾರ ‘ಸಂರಕ್ಷಣಾಧಿಕಾರಿ’. ಹುಲ್ಲಹಳ್ಳಿ, ತಗಡೂರು, ಬನ್ನೂರು, ತಲಕಾಡು ಕಡೆಯವರು ತಮ್ಮೂರಿನ ಅಂಗನವಾಡಿ ಕಾರ್ಯಕರ್ತೆ ಮೂಲಕವೂ ಅವರಿಗೆ ವಿಷಯ ಮುಟ್ಟಿಸಬಹುದು.

ಒಂದು ಮುಖ್ಯ ಮಾತು. ‘ಮೊದಲು ಕಂಪ್ಲೇಂಟ್ ಕೊಟ್ಟು ಬನ್ನಿ’ ಅಂತ ಆಶ್ರಯ ಕೇಂದ್ರದವರು ವಾಪಸ್ ಕಳಿಸುವಂತಿಲ್ಲ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೂರು ದಾಖಲಾಗಿಲ್ಲ ಅನ್ನೋ ಕಾರಣಕ್ಕೆ ಆಶ್ರಯ ನಿರಾಕರಿಸಬಾರದು ಅಂತ ಅದರ ನಿಯಮದಲ್ಲೇ ಇದೆ. ಅವಳು ಬೇಡ ಅಂದರೆ ಅವಳ ಗುರುತನ್ನು ಎದುರು ಕಡೆಯವರಿಗೆ ತಿಳಿಸುವಂತೆಯೂ ಇಲ್ಲ.

ಅಲ್ಲಿರುವವರಿಗೆ ನಿಜಕ್ಕೂ ಏನು ಬೇಕು?

ಕೇಂದ್ರದಲ್ಲಿ ಅನ್ನ, ಹಾಸಿಗೆ ಸಿಗುತ್ತದೆ. ಕಷ್ಟ ಶುರುವಾಗೋದು ಅದರ ಮಾರನೇ ದಿನ.

ಕಾಗದಪತ್ರ: ರಾತ್ರಿ ಉಟ್ಟ ಬಟ್ಟೆಯಲ್ಲೇ ಮಗು ಎತ್ತಿಕೊಂಡು ಹೊರಟವಳ ಹತ್ತಿರ ಆಧಾರ್ ಇರಲ್ಲ, ಪಾಸ್‌ಬುಕ್ ಇರಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ನಿಜ, ಆದರೆ ಗುರುತಿನ ಚೀಟಿ ತೋರಿಸಬೇಕು. ಆಧಾರ್‌ಗೆ ಗಂಡನ ನಂಬರ್ ಜೋಡಿಸಿದ್ದರೆ ಒಟಿಪಿ ಅವನಿಗೇ ಹೋಗುತ್ತದೆ. ಇದಕ್ಕೆ ದಾರಿ ಇದೆ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಮೊಬೈಲ್ ನಂಬರ್ ಬದಲಾಯಿಸಬಹುದು. ಅದಕ್ಕೆ ಬೇರೆ ದಾಖಲೆ ಕೇಳಲ್ಲ. ಹಾಗಾಗಿ ಹೊಸದಾಗಿ ಬಂದವಳಿಗೆ ಮೊದಲು ಬೇಕಾಗೋದು ಒಂದು ಫೋನ್, ಅವಳದೇ ಒಂದು ಸಿಮ್.

ಕೈಗೆ ದುಡ್ಡು: ಗೃಹಲಕ್ಷ್ಮಿಯ 2000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವರಿಗೆ ಹೋಗುತ್ತದೆ. ಅತ್ತೆ ಹೆಸರಲ್ಲಿ ಕಾರ್ಡ್ ಇದ್ದರೆ ಸೊಸೆಗೆ ಏನೂ ಇಲ್ಲ. ತನ್ನದೇ ಖಾತೆ ಇದ್ದರೂ ಎಟಿಎಂ ಕಾರ್ಡ್ ಗಂಡನ ಜೇಬಲ್ಲಿದ್ದರೆ ಬ್ಯಾಂಕಿಗೆ ಹೋಗಿ ಹಳೇ ಕಾರ್ಡ್ ಬ್ಲಾಕ್ ಮಾಡಿಸಬೇಕು.

ಮಕ್ಕಳ ಸ್ಕೂಲು: ‘ಟಿ.ಸಿ. ತನ್ನಿ’ ಅಂತ ಹೊಸ ಶಾಲೆಯವರು ಹೇಳಿದರೆ ತಾಯಿ ಹಳೇ ಊರಿಗೆ ಹೋಗಬೇಕಾಗುತ್ತದೆ, ಅಲ್ಲಿ ಸಿಕ್ಕಿಬೀಳುತ್ತಾಳೆ. ಟಿ.ಸಿ. ತಡವಾಯಿತು ಅಂತ ಪ್ರವೇಶ ನಿರಾಕರಿಸುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಇದು ಎಂಟನೇ ತರಗತಿವರೆಗೆ ಅನ್ವಯ. ಇನ್ನೊಂದು ತೊಡಕು ದೊಡ್ಡ ಗಂಡುಮಕ್ಕಳದ್ದು. ಮಹಿಳೆಯರ ಕೇಂದ್ರಗಳಲ್ಲಿ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ. ಮಗನನ್ನು ಬಿಟ್ಟು ಬರಲಾರದೆ ಹಿಂಸೆಯಲ್ಲೇ ಉಳಿಯುವ ತಾಯಂದಿರು ಇದ್ದಾರೆ. ಸೇರುವ ಮೊದಲೇ ಈ ವಿಷಯ ಕೇಳಿಕೊಳ್ಳಬೇಕು.

ಚಿಕ್ಕಪುಟ್ಟ ಸಾಮಾನು: ಹೊಸ ಒಳ ಉಡುಪು, ಪ್ಯಾಡ್, ಬೀಗ ಹಾಕುವ ಚಿಕ್ಕ ಪೆಟ್ಟಿಗೆ, ಚಪ್ಪಲಿ, ಫೋನ್ ಚಾರ್ಜರ್, ಮಕ್ಕಳಿಗೆ ನೋಟ್‌ಬುಕ್. ಇವೆಲ್ಲ ಯಾರೂ ಕೊಡಲ್ಲ. ಹಳೇ ಸೀರೆ ಮಾತ್ರ ರಾಶಿ ಬೀಳುತ್ತದೆ.

ಕೆಲಸ: ಎಲ್ಲಕ್ಕಿಂತ ದೊಡ್ಡದು ಇದು. ಕೈಯಲ್ಲಿ ಸಂಬಳ ಇಲ್ಲದಿದ್ದರೆ ಎಷ್ಟೋ ಮಂದಿಗೆ ವಾಪಸ್ ಅದೇ ಮನೆಗೆ ಹೋಗೋದು ಬಿಟ್ಟು ಬೇರೆ ದಾರಿ ಕಾಣಲ್ಲ.

ಭೇಟಿ ಕೊಡುವವರು ನೆನಪಿಡಬೇಕಾದ್ದು

ಮೊದಲು ಫೋನ್ ಮಾಡಿ, ಅನುಮತಿ ತೆಗೆದುಕೊಂಡು ಹೋಗಿ. ಏನು ಬೇಕು ಅಂತ ಅಲ್ಲಿನ ವಾರ್ಡನ್ ಅವರನ್ನೇ ಕೇಳಿ. ಹತ್ತು ಜನ ಗುಂಪಾಗಿ ಹೋಗೋದು ಬೇಡ, ಇಬ್ಬರು ಸಾಕು. ಮೊಬೈಲ್ ಜೇಬಲ್ಲೇ ಇರಲಿ. ಮಕ್ಕಳ ಫೋಟೊ ಕೂಡ ಬೇಡ, ಮಗುವಿನ ಮುಖದಿಂದ ತಾಯಿ ಎಲ್ಲಿದ್ದಾಳೆ ಅಂತ ಗೊತ್ತಾಗುತ್ತದೆ.

‘ಯಾವೂರಮ್ಮ? ಯಾರ ಮನೆಯವರು? ಏನಾಯ್ತು?’ ಅಂತ ಕೇಳಬೇಡಿ. ನಮ್ಮ ಕಡೆ ಊರು, ಮನೆತನ ಕೇಳೋದು ಪ್ರೀತಿಯಿಂದಲೇ. ಆದರೆ ಅಲ್ಲಿ ಅದೇ ಪ್ರಶ್ನೆ ಹೆದರಿಕೆ ಹುಟ್ಟಿಸುತ್ತದೆ. ‘ಹೊಂದ್ಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು’ ಅನ್ನೋ ಮಾತನ್ನು ಅವಳು ಬರುವ ಮೊದಲೇ ನೂರು ಸಲ ಕೇಳಿರುತ್ತಾಳೆ. ಗುರುತಿನವರು ಕಂಡರೂ ಊರಿಗೆ ಬಂದು ಹೇಳಬೇಡಿ, ಅವಳ ತವರಿನವರಿಗೆ ಕೂಡ. ಹೇಳೋದು ಬಿಡೋದು ಅವಳ ಇಷ್ಟ.

ಅಂಗಡಿಯವರಿಗೆ ಎರಡು ಮಾತು

ಬಸ್ ನಿಲ್ದಾಣದ ಸುತ್ತ, ಪೇಟೆ ಬೀದಿಯಲ್ಲಿ ಅಂಗಡಿ ಇಟ್ಟವರು, ಮೆಡಿಕಲ್ ಸ್ಟೋರ್‌ನವರು ಎಷ್ಟೋ ಸಲ ಇಂಥವರನ್ನು ಮೊದಲು ನೋಡುವವರು. ಒಂದು ಫೋನ್ ಮಾಡಿಕೊಳ್ಳಲಾ ಅಂತ ಕೇಳಿದರೆ ಕೊಡಿ. ಮಾಡಿದ ನಂಬರ್ ಆಮೇಲೆ ಅಳಿಸಿಬಿಡಿ. ಸ್ವಲ್ಪ ಹೊತ್ತು ಒಳಗೆ ಕೂರಿಸಿ, ನೀರು ಕೊಡಿ, 112 ಅಥವಾ 181ಕ್ಕೆ ನೀವೇ ಮಾಡಿಕೊಡಿ. ‘ಸುಮ್ನೆ ಕೋರ್ಟು ಕಚೇರಿ ನಮಗ್ಯಾಕೆ’ ಅನ್ನೋ ಭಯ ಬೇಡ. ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರಲ್ಲ ಅಂತ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ಮಾರನೇ ದಿನ ಗಂಡನ ಕಡೆಯವರು ಫೋಟೊ ಹಿಡಿದು ‘ಇವಳನ್ನ ನೋಡಿದ್ರಾ, ಯಾವ ಬಸ್ ಹತ್ತಿದಳು?’ ಅಂತ ಬಂದರೆ ಉತ್ತರ ಕೊಡಬೇಕಾದ್ದಿಲ್ಲ. ‘ಪೊಲೀಸರ ಹತ್ತಿರ ಕೇಳಿ’ ಅಂದರೆ ಸಾಕು.

ಕೇಂದ್ರದಿಂದ ಹೊರಬಂದವಳಿಗೆ ಬಟ್ಟೆ ಅಂಗಡಿ, ಟೈಲರಿಂಗ್, ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಕೊಟ್ಟರೆ ದಾನಕ್ಕಿಂತ ಅದು ಮೇಲು. ಸಂಬಳವನ್ನು ಅವಳ ಖಾತೆಗೇ ಹಾಕಿ. ಗಂಡನಾಗಲಿ ಅಣ್ಣನಾಗಲಿ ಬಂದು ಕೇಳಿದರೆ ಅವರ ಕೈಗೆ ಕೊಡಬೇಡಿ.

ಕೋರ್ಟಿನಲ್ಲಿ ಏನು ಸಿಗುತ್ತೆ?

ಅವಳು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಹೋಗಬೇಕಿಲ್ಲ. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ತುರ್ತು ಇದ್ದರೆ ಎದುರು ಕಡೆಯವರು ಬರುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಹತ್ತಿರ ಬರಬಾರದು ಅನ್ನೋ ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದಿ, ಸ್ತ್ರೀಧನ ವಾಪಸ್ ಎಲ್ಲ ಕೇಳಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ.

ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಪೆಟ್ಟಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗಾಯಿತು ಅಂತ ನಿಜ ಹೇಳಿ ಬರೆಸಿ, ಚೀಟಿ ಜೋಪಾನ ಮಾಡಿ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅಂತ ಬರೆಸಿದರೆ ಮುಂದೆ ಅದೇ ಎದುರು ಸಾಕ್ಷಿ ಆಗುತ್ತದೆ.

ಗೋಡೆಗೆ ಅಂಟಿಸಿಕೊಳ್ಳಿ

ತುರ್ತು ಪೊಲೀಸ್ ನೆರವು: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಉಚಿತ ಕಾನೂನು ನೆರವು: 15100

ಅಂಗಡಿಯ ಕ್ಯೂಆರ್ ಕೋಡ್ ಪಕ್ಕದಲ್ಲೇ ಈ ನಾಲ್ಕು ನಂಬರ್ ಬರೆದು ಹಾಕಿದರೆ ದಿನಕ್ಕೆ ನೂರು ಜನ ನೋಡುತ್ತಾರೆ. ಅವರಲ್ಲಿ ಯಾರಿಗೆ ಬೇಕಿತ್ತು ಅಂತ ನಿಮಗೆ ಗೊತ್ತಾಗಬೇಕಾಗಿಲ್ಲ.