ಸೊಹೊನಿ, ಕಮಲಾ: ಪ್ರಕಟಣೆಗಳು
ಜೀವರಸಾಯನ ವಿಜ್ಞಾನಿ, ತವರಿನ ಹೆಸರು ಭಾಗವತ್. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಹೆಣ್ಣೆಂದು ನಿರ್ದೇಶಕ ಸಿ. ವಿ. ರಾಮನ್ ಮೊದಲು ಒಪ್ಪಲಿಲ್ಲ; ಪಟ್ಟು ಹಿಡಿದು, ಷರತ್ತಿನ ಮೇಲೆ ಸೇರಿದರು. ಅಲ್ಲಿ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿ 1939ರಲ್ಲಿ ಪಿಎಚ್‌ಡಿ ಪಡೆದರು. ಪ್ರಬಂಧ ಬರೀ 40 ಪುಟ! ಅದೇ ವರ್ಷ ಕೇಂಬ್ರಿಜ್‌ನ ವಿಜ್ಞಾನಿ ರಾಬರ್ಟ್ ಹಿಲ್ ಜತೆಗಿನ ಲೇಖನ ‘ನೇಚರ್’ನಲ್ಲಿ ಬಂತು, ಇಬ್ಬರ ಇನ್ನೊಂದು ಲೇಖನ 1951ರಲ್ಲಿ ‘ನ್ಯೂ ಫೈಟಾಲಜಿಸ್ಟ್’ನಲ್ಲಿ. ಎರಡರಲ್ಲೂ ಇರುವುದು ತವರಿನ ಹೆಸರೇ. ಮುಂಬಯಿಯಲ್ಲಿ ಕಾಳುಗಳ ಟ್ರಿಪ್ಸಿನ್ ಪ್ರತಿರೋಧಕಗಳ ಬಗ್ಗೆ ಬರೆದವು ಸೊಹೊನಿ ಹೆಸರಿನಲ್ಲಿವೆ. ಒಂದೇ ಹೆಸರಿನಡಿ ಉಲ್ಲೇಖ ಎಣಿಸಿದರೆ ಅರ್ಧ ಲೆಕ್ಕ ತಪ್ಪುತ್ತದೆ. ಹುಡುಕುವವರು ಎರಡನ್ನೂ ನೋಡಬೇಕು.